ಇಂದಿನ ಚಿಂತನೆ: ಹೋದ ಚೆಂಡು



2019ರ ಸೆಪ್ಟೆಂಬರ್ 5. ವಿಶ್ವಕಪ್ ಫುಟ್ಬಾಲ್ ಅರ್ಹತಾ ಪಂದ್ಯ. ಒಮಾನ್ ವಿರುದ್ಧ 82ನೇ ನಿಮಿಷದವರೆಗೂ ಮುಂದಿದ್ದ ಭಾರತ, ಆಮೇಲೆ ಎರಡು ಗೋಲು ಬಿಟ್ಟು ಸೋತಿತು. ಐದೇ ದಿನಕ್ಕೆ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಎದುರು. ಸುನಿಲ್ ಚೆಟ್ರಿಗೆ ಜ್ವರ ಬೇರೆ.

ನಮ್ಮವರು ಚೆಂಡಿನ ಹಿಂದೆ ಬೀಳಲಿಲ್ಲ. ತಮ್ಮ ತಮ್ಮ ಜಾಗ ಹಿಡಿದು ನಿಂತರು, ಸಂದು ಸಿಕ್ಕಾಗ ಮಾತ್ರ ಮುಂದೆ ಓಡಿದರು. ಕತಾರ್ ಹೊಡೆಯುತ್ತಲೇ ಇತ್ತು. ಅಂದಿನ ನಾಯಕ, ಬೆಂಗಳೂರು ಎಫ್‌ಸಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆಯುತ್ತಲೇ ಇದ್ದರು. ಕೊನೆಗೆ 0–0.

ಒಮಾನ್ ಸೋಲು ತಲೆಯಲ್ಲೇ ಕೂತಿದ್ದರೆ 82ನೇ ನಿಮಿಷಕ್ಕೆ ಕಾಲು ನಡುಗುತ್ತಿದ್ದವು. ಹಾಗಂತ ತಡೆದ ಚೆಂಡಿಗೆ ಹಿಗ್ಗಿ ನಿಂತರೂ ಕೆಟ್ಟಂತೆಯೇ. ಮುಂದಿನದು ಆಗಲೇ ಬಂದಿರುತ್ತದೆ. ‘ಸತಿ’ ಎಂದರೆ ಈ ಎಚ್ಚರವೇ ಎಂದು ನನಗನ್ನಿಸುತ್ತದೆ.

ಇಂದು ಹೊಲದಲ್ಲೋ ಅಂಗಡಿಯಲ್ಲೋ ಯಾರಾದರೂ ಚುಚ್ಚಿ ಮಾತಾಡಿದರೆ, ಆ ಮಾತು ಎಷ್ಟು ಹೊತ್ತು ಮನಸ್ಸಿನಲ್ಲಿ ಉಳಿಯಿತು ನೋಡಿಕೊಳ್ಳಿ. ಸಂಜೆ ಕೂತಾಗ ಹೇಳಿ.

– ಅಧ್ಯಯನ ಬಳಗ, ತಾಂಬಾ