ಮಹಾಮಾರಿಯ ಕಾಲದ ಪಾಠ: ಚಿಕಿತ್ಸೆಯ ಖರ್ಚನ್ನು ಸರ್ಕಾರ ಯಾವಾಗ ಭರಿಸುತ್ತದೆ?





ಹಾಸಿಗೆಯ ಮೇಲೆ ಮಲಗಿರುವವರಿಗೆ ಕಾಯಿಲೆಯ ಚಿಂತೆ. ಪಕ್ಕದ ಬೆಂಚಿನ ಮೇಲೆ ಕುಳಿತಿರುವವರಿಗೆ ಕಾಯಿಲೆಯ ಜೊತೆಗೆ ಖರ್ಚಿನ ಚಿಂತೆ. ಈ ಎರಡನೆಯ ಚಿಂತೆಯನ್ನು ಸ್ವಲ್ಪವಾದರೂ ಹಗುರ ಮಾಡಲು ಈ ಪಾಠವನ್ನು ಬರೆಯಲಾಗಿದೆ. ರೋಗಿಗೆ ನಿದ್ರೆ ಬಂದಿರುವ ಸಮಯದಲ್ಲಿ ನಿಧಾನವಾಗಿ ಓದಿಕೊಳ್ಳಿ. ಓದಲು ಬಾರದವರು ಪಕ್ಕದಲ್ಲಿದ್ದರೆ ಅವರಿಗೂ ಓದಿ ಹೇಳಿ.

ಕೊರೋನಾ ಬಂದು ಹೋದ ಕಾಲವನ್ನು ನಾವು ಯಾರೂ ಮರೆತಿಲ್ಲ. ಆ ಎರಡು ವರ್ಷಗಳಲ್ಲಿ ಸರ್ಕಾರವು ಚಿಕಿತ್ಸೆಯ ವೆಚ್ಚದ ಬಗ್ಗೆ ಹಲವು ಆದೇಶಗಳನ್ನು ಹೊರಡಿಸಿತು. ಅವುಗಳಿಂದ ಕೆಲವು ಮನೆಗಳು ಉಳಿದವು. ಆದೇಶವಿದ್ದರೂ ತಿಳಿಯದೆ ಕೆಲವರು ಒಡವೆ ಗಿರವಿ ಇಟ್ಟರು. ಏಕೆ ಹೀಗಾಯಿತು ಎಂಬುದನ್ನು ತಿಳಿದರೆ ಇಂದಿನ ಸಾಮಾನ್ಯ ಕಾಯಿಲೆಗಳಿಗೂ ಅದು ಉಪಯೋಗಕ್ಕೆ ಬರುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ

ಸಾಂಕ್ರಾಮಿಕ ರೋಗ ಶಿವಮೊಗ್ಗ ಜಿಲ್ಲೆಗೆ ಹೊಸದೇನಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಉಲ್ಬಣಿಸಿ, ಜನರು ಮಣಿಪಾಲದವರೆಗೆ ಚಿಕಿತ್ಸೆಗೆ ಹೋಗಬೇಕಾಯಿತು. ಬಡ ಕೂಲಿಕಾರರಿಗೆ ಆ ಖರ್ಚು ಎಟುಕುವಂತಿರಲಿಲ್ಲ. ಜನರ ಒತ್ತಾಯದ ನಂತರ ಆ ರೋಗಿಗಳ ವೆಚ್ಚವನ್ನು ಸರ್ಕಾರ ಭರಿಸಲು ಒಪ್ಪಿತು. ಒಬ್ಬರಿಂದೊಬ್ಬರಿಗೆ ಅಥವಾ ಕಾಡಿನಿಂದ ಊರಿಗೆ ಹರಡುವ ರೋಗವನ್ನು ಒಬ್ಬ ವ್ಯಕ್ತಿಯ ಸ್ವಂತ ಕಷ್ಟವೆಂದು ಬಿಟ್ಟುಬಿಡಲಾಗದು, ಅದು ಸಮಾಜದ ಹೊಣೆ ಎಂಬ ತತ್ವ ಇದರಲ್ಲಿದೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಮಹಾಮಾರಿ ಎಂದು ಘೋಷಿಸಿತು. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ರಾಜ್ಯದ ಕಲಬುರಗಿಯಿಂದಲೇ. ಶಿವಮೊಗ್ಗ ಜಿಲ್ಲೆ ಮೇ ತಿಂಗಳ ಆರಂಭದವರೆಗೂ ಹಸಿರು ವಲಯದಲ್ಲಿತ್ತು. ಹೊರ ರಾಜ್ಯದಿಂದ ಮರಳಿದವರಲ್ಲಿ ಸೋಂಕು ಕಂಡುಬಂದ ನಂತರ ಇಲ್ಲಿಯೂ ಲೆಕ್ಕ ಏರತೊಡಗಿತು. ಜಿಲ್ಲೆಯ ಜನರ ಮುಖ್ಯ ಆಸರೆಯಾದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮೇಲೆ ಹೊರೆ ಬಿತ್ತು. ಭದ್ರಾವತಿಯವರಿಗೂ, ಸುತ್ತಲಿನ ತಾಲ್ಲೂಕುಗಳವರಿಗೂ ಗಂಭೀರ ಸ್ಥಿತಿಯಲ್ಲಿ ಅದೇ ದಾರಿ.

ಸರ್ಕಾರ ಹಿಡಿಸಿದ ನಾಲ್ಕು ಕೊಡೆಗಳು

ಆಗ ಸರ್ಕಾರ ಕೈಗೊಂಡ ಕ್ರಮಗಳನ್ನು ನಾಲ್ಕು ಕೊಡೆಗಳೆಂದು ತಿಳಿಯೋಣ. ಒಂದೊಂದು ಕೊಡೆಯ ಕೆಳಗೆ ನಿಲ್ಲುವವರೂ ಬೇರೆ, ಅದರ ಅಡಿಗೆ ಬರುವ ದಾರಿಯೂ ಬೇರೆ.

ಮೊದಲನೆಯದು, ಉಚಿತ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೋವಿಡ್ ಚಿಕಿತ್ಸೆ ಉಚಿತವಾಗಿತ್ತು. ಅಲ್ಲಿ ಸ್ಥಳ ಸಾಲದಿದ್ದಾಗ ಆರೋಗ್ಯ ಇಲಾಖೆಯವರು ಖಾಸಗಿ ಆಸ್ಪತ್ರೆಗೆ ಕಳುಹಿಸಿದ ರೋಗಿಗಳ ಬಿಲ್ಲನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರವೇ ಕಟ್ಟುವ ಏರ್ಪಾಡಾಯಿತು. ಹೀಗೆ ಕಳುಹಿಸಲ್ಪಟ್ಟವರಿಗೆ ಬಿ.ಪಿ.ಎಲ್., ಎ.ಪಿ.ಎಲ್. ಎಂಬ ಭೇದವಿರಲಿಲ್ಲ.

ಎರಡನೆಯದು, ದರಮಿತಿ. ತಾವಾಗಿಯೇ ಖಾಸಗಿ ಆಸ್ಪತ್ರೆಗೆ ಹೋಗಿ ಹಣ ಕಟ್ಟುವವರಿಂದ ಇಷ್ಟಕ್ಕಿಂತ ಹೆಚ್ಚು ಪಡೆಯಬಾರದೆಂದು 2020ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಪರೀಕ್ಷೆಗೂ ಹೀಗೆಯೇ. 2020ರ ಮಾರ್ಚ್‌ನಲ್ಲಿ ಖಾಸಗಿ ಪ್ರಯೋಗಾಲಯದ ಪರೀಕ್ಷೆಗೆ ರೂ. 4,500 ಗರಿಷ್ಠ ದರವಿದ್ದದ್ದು, ಆ ವರ್ಷದ ಡಿಸೆಂಬರ್ ವೇಳೆಗೆ ರಾಜ್ಯದಲ್ಲಿ ರೂ. 800ಕ್ಕೆ ಇಳಿಯಿತು.

ಮೂರನೆಯದು, ವಿಮೆ. ಕೋವಿಡ್ ಕರ್ತವ್ಯದಲ್ಲಿದ್ದ ಆಶಾ ಕಾರ್ಯಕರ್ತೆಯರು, ದಾದಿಯರು, ವೈದ್ಯರು ಮೃತರಾದರೆ ಅವರ ಕುಟುಂಬಕ್ಕೆ ರೂ. 50 ಲಕ್ಷದ ವಿಮೆಯನ್ನು ಕೇಂದ್ರ ಸರ್ಕಾರ 2020ರ ಮಾರ್ಚ್ ಕೊನೆಯಲ್ಲಿ ಘೋಷಿಸಿತು. ಸಾರ್ವಜನಿಕರಿಗಾಗಿ ವಿಮಾ ಕಂಪನಿಗಳು ಆ ವರ್ಷದ ಜುಲೈನಲ್ಲಿ 'ಕೊರೋನಾ ಕವಚ್' ಎಂಬ ಅಲ್ಪಾವಧಿ ಪಾಲಿಸಿಯನ್ನು ತಂದವು. ಇದಕ್ಕೆ ಮೊದಲೇ ಕಂತು ಕಟ್ಟಬೇಕಾಗಿತ್ತು.

ನಾಲ್ಕನೆಯದು, ಪರಿಹಾರ. ಕೋವಿಡ್‌ನಿಂದ ದುಡಿಯುವ ವ್ಯಕ್ತಿಯನ್ನು ಕಳೆದುಕೊಂಡ ಬಿ.ಪಿ.ಎಲ್. ಕುಟುಂಬಕ್ಕೆ ರೂ. 1 ಲಕ್ಷ ನೀಡುವುದಾಗಿ ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ ಪ್ರಕಟಿಸಿತು. ಸುಪ್ರೀಂ ಕೋರ್ಟಿನ ಆದೇಶದ ನಂತರ, ಆದಾಯವನ್ನು ನೋಡದೆ ಮೃತರ ಕುಟುಂಬಗಳಿಗೆ ರೂ. 50,000 ಕೊಡುವ ವ್ಯವಸ್ಥೆಯಾಯಿತು. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ ರೂ. 3,500 ಗೊತ್ತುಪಡಿಸಲಾಯಿತು.

ಒಂದು ಲೆಕ್ಕ ಮಾಡಿ ನೋಡೋಣ

ಮೊದಲ ಎರಡು ಕೊಡೆಗಳ ವ್ಯತ್ಯಾಸ ಬಾಯಿಮಾತಿನಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. 2020ರ ಜೂನ್ ಆದೇಶದ ದರಗಳು ಹೀಗಿದ್ದವು.

ಸರ್ಕಾರ ಕಳುಹಿಸಿದ ರೋಗಿಗೆ ದಿನವೊಂದಕ್ಕೆ ಸರ್ಕಾರ ಕಟ್ಟುವ ದರ: ಸಾಮಾನ್ಯ ವಾರ್ಡ್ ರೂ. 5,200, ಆಮ್ಲಜನಕ ಸಹಿತ ಹೆಚ್ಚಿನ ನಿಗಾ ಘಟಕ ರೂ. 7,000, ವೆಂಟಿಲೇಟರ್ ಇಲ್ಲದ ಐ.ಸಿ.ಯು. ರೂ. 8,500, ವೆಂಟಿಲೇಟರ್ ಸಹಿತ ಐ.ಸಿ.ಯು. ರೂ. 10,000.

ನೇರವಾಗಿ ಹೋಗಿ ಹಣ ಕಟ್ಟುವವರಿಗೆ ಗರಿಷ್ಠ ದರ: ಕ್ರಮವಾಗಿ ರೂ. 10,000, ರೂ. 12,000, ರೂ. 15,000, ರೂ. 25,000.

ಈಗ ಭದ್ರಾವತಿಯ ಒಬ್ಬ ಕಾರ್ಮಿಕ ಹತ್ತು ದಿನ ಆಸ್ಪತ್ರೆಯಲ್ಲಿದ್ದ ಎಂದು ಊಹಿಸಿಕೊಳ್ಳಿ. ನಾಲ್ಕು ದಿನ ಸಾಮಾನ್ಯ ವಾರ್ಡ್, ಆರು ದಿನ ವೆಂಟಿಲೇಟರ್ ಇಲ್ಲದ ಐ.ಸಿ.ಯು. ಆತ ಮನೆಯಿಂದ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿದ್ದರೆ ವಾರ್ಡಿಗೆ ರೂ. 40,000, ಐ.ಸಿ.ಯು.ಗೆ ರೂ. 90,000, ಒಟ್ಟು ರೂ. 1,30,000ದವರೆಗೆ ಮನೆಯವರು ಕಟ್ಟಬೇಕು. ಅದೇ ವ್ಯಕ್ತಿಯನ್ನು ಆರೋಗ್ಯ ಇಲಾಖೆ ಅದೇ ಆಸ್ಪತ್ರೆಗೆ ಕಳುಹಿಸಿದ್ದರೆ ವಾರ್ಡಿಗೆ ರೂ. 20,800, ಐ.ಸಿ.ಯು.ಗೆ ರೂ. 51,000, ಒಟ್ಟು ರೂ. 71,800. ಅದನ್ನು ಕಟ್ಟುವುದು ಸರ್ಕಾರ. ಮನೆಯವರ ಪಾಲು ಸೊನ್ನೆ.

ರೋಗ ಅದೇ, ಹಾಸಿಗೆ ಅದೇ, ವೈದ್ಯರೂ ಅವರೇ. ಬೇರೆಯಾದದ್ದು ಬಂದ ದಾರಿ ಮಾತ್ರ. ಒಂದು ಚೀಟಿಯ ಬೆಲೆ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ! ಆದರೆ ಉಸಿರು ಕಟ್ಟುತ್ತಿರುವವನನ್ನು ಆಟೋದಲ್ಲಿ ಕೂರಿಸಿಕೊಂಡು ಓಡುವ ಮಗನಿಗೆ ಈ ಚೀಟಿಯ ನೆನಪು ಬರುವುದು ಹೇಗೆ? ಅವನನ್ನು ದೂರಿ ಫಲವಿಲ್ಲ. ಅದಕ್ಕಾಗಿಯೇ ಕಾಯಿಲೆ ಬರುವ ಮೊದಲೇ ಇದನ್ನು ತಿಳಿದಿರಬೇಕು.

ಕಾರ್ಡು ಇದ್ದರೆ ಸಾಲದು, ಹಾಸಿಗೆಯೂ ಬೇಕು

2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆ ನಮಗೆ ಇನ್ನೊಂದು ಕಹಿ ಸತ್ಯವನ್ನು ತೋರಿಸಿತು. ಖರ್ಚು ಕೊಡುತ್ತೇವೆಂದು ಸರ್ಕಾರ ಹೇಳಿದರೂ ಹಾಸಿಗೆ ಖಾಲಿ ಇಲ್ಲದಿದ್ದರೆ ಆ ಮಾತು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಹಾಸಿಗೆಗಳನ್ನು ಸರ್ಕಾರ ಕಳುಹಿಸುವ ರೋಗಿಗಳಿಗೆ ಮೀಸಲಿಡಬೇಕೆಂದಿದ್ದ ನಿಯಮವನ್ನು ಆಗ ಶೇ. 75ಕ್ಕೆ ಏರಿಸಲಾಯಿತು. ಹಾಸಿಗೆಯ ಜೊತೆಗೆ ಆಮ್ಲಜನಕವೂ ಬೇಕಲ್ಲವೇ? ಭದ್ರಾವತಿಯ ವಿ.ಐ.ಎಸ್.ಎಲ್. ಕಾರ್ಖಾನೆಯ ಆವರಣದಲ್ಲಿದ್ದ ಆಮ್ಲಜನಕ ಘಟಕ ಆಗ ನೆರವಿಗೆ ಬಂತು. ಕಬ್ಬಿಣ ಕಾಯಿಸಲು ಕಟ್ಟಿದ ಊರು ಉಸಿರು ಉಳಿಸಲೂ ದುಡಿಯಿತು. ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡಾಗ ಅದರ ಚಿಕಿತ್ಸೆಗೆ ಸರ್ಕಾರ ಗುರುತಿಸಿದ ಪ್ರಾದೇಶಿಕ ಕೇಂದ್ರಗಳಲ್ಲಿ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಒಂದಾಗಿತ್ತು.

ಇದರಿಂದ ತಿಳಿಯುವುದೇನೆಂದರೆ, ವೆಚ್ಚ ಭರಿಸುವ ಯೋಜನೆಯೂ, ಆಸ್ಪತ್ರೆ ಕಟ್ಟುವ ಕೆಲಸವೂ ಎತ್ತಿನ ಗಾಡಿಯ ಎರಡು ಗಾಲಿಗಳಿದ್ದಂತೆ. ಒಂದೇ ಗಾಲಿಯಿಂದ ಗಾಡಿ ಸಾಗದು.

ಇಂದು ನಿಮಗೆ ಅನ್ವಯಿಸುವುದು ಯಾವುದು?

ಕೋವಿಡ್ ಕಾಲದ ವಿಶೇಷ ದರಗಳೂ, ಹಾಸಿಗೆ ಮೀಸಲಾತಿಯೂ ಆ ಕಾಲಕ್ಕೇ ಮುಗಿದವು. ಆದರೆ ಅವು ನಿಂತಿದ್ದ ಬುನಾದಿ ಇನ್ನೂ ಇದೆ. 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಎಂದು ಆರಂಭವಾಗಿ, ಅದೇ ವರ್ಷ ಕೇಂದ್ರದ 'ಆಯುಷ್ಮಾನ್ ಭಾರತ್' ಜೊತೆ ಸೇರಿದ ಯೋಜನೆಯೇ ಅದು. ಅದರ ಮುಖ್ಯ ಅಂಶಗಳು:

1. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ. ಇದು ಇಡೀ ಕುಟುಂಬಕ್ಕೆ ಸೇರಿದ ಮೊತ್ತ, ಒಬ್ಬೊಬ್ಬರಿಗೆ ಅಲ್ಲ.

2. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ರೂ. 1.5 ಲಕ್ಷದವರೆಗೆ. ಉಳಿದ ಶೇ. 70 ರೋಗಿಯ ಕಡೆಯವರದು. 'ನಮಗೇನೂ ಸಿಗುವುದಿಲ್ಲ' ಎಂದು ಎ.ಪಿ.ಎಲ್. ಕಾರ್ಡಿನವರು ಕೈಬಿಡಬಾರದು.

3. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿಯೊಂದಿಗೆ ಯೋಜನೆಗೆ ನೋಂದಾಯಿತವಾದ ಆಸ್ಪತ್ರೆಗೆ ಹೋಗಬಹುದು.

4. ತುರ್ತು ಚಿಕಿತ್ಸೆಗಳ ಪಟ್ಟಿಯೊಂದು ಪ್ರತ್ಯೇಕವಾಗಿದೆ. ಅದರಲ್ಲಿರುವ ಚಿಕಿತ್ಸೆಗೆ ರೆಫರಲ್ ಚೀಟಿ ಇಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಸೇರಬಹುದು. ಪ್ರಾಣಕ್ಕೆ ಅಪಾಯವಿರುವಾಗ ಚೀಟಿಗಾಗಿ ಅಲೆದು ಸಮಯ ಕಳೆಯಬೇಡಿ.

5. ಸಹಕಾರ ಸಂಘದ ಸದಸ್ಯರಿಗೆ 'ಯಶಸ್ವಿನಿ' ಬೇರೆಯೇ ಇದೆ. 2003ರಲ್ಲಿ ಜಾರಿಗೆ ಬಂದ ಈ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಆರಂಭವಾಯಿತು. ಇದಕ್ಕೆ ನಿಗದಿತ ಅವಧಿಯಲ್ಲಿ ವಂತಿಗೆ ಕಟ್ಟಿ ಹೆಸರು ನೋಂದಾಯಿಸಿರಬೇಕು. ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ವಿಚಾರಿಸಿ.

6. ಕಾರ್ಖಾನೆ, ಅಂಗಡಿ, ಸಂಸ್ಥೆಗಳಲ್ಲಿ ಸಂಬಳದಿಂದ ಇ.ಎಸ್.ಐ. ಕಡಿತವಾಗುತ್ತಿದ್ದರೆ ಆ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಇ.ಎಸ್.ಐ. ಚಿಕಿತ್ಸೆಯ ಹಕ್ಕಿದೆ. ಸಂಬಳದ ಚೀಟಿಯನ್ನು ಒಮ್ಮೆ ತೆಗೆದು ನೋಡಿ.

ಜೊತೆಗಿರುವವರು ಮಾಡಬೇಕಾದ ಕೆಲಸ

ರೋಗಿಯ ಆಧಾರ್ ಮತ್ತು ರೇಷನ್ ಕಾರ್ಡುಗಳ ಎರಡೆರಡು ಪ್ರತಿಗಳನ್ನು ಒಂದು ಕವರಿನಲ್ಲಿ ಹಾಕಿ, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಹೊಸ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿದೆಯೇ? ಇಲ್ಲವಾದರೆ ಇಂದೇ ಮನೆಗೆ ಫೋನು ಮಾಡಿ ತಿಳಿಸಿ.

ಯಾವುದೇ ಆಸ್ಪತ್ರೆಗೆ ಸೇರುವಾಗ ಮೊದಲ ದಿನವೇ, ಹಣ ಕಟ್ಟುವುದಕ್ಕೆ ಮುಂಚೆ, "ಈ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆಯೇ?" ಎಂದು ಕೇಳಿ. ನೋಂದಾಯಿತ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಆರೋಗ್ಯಮಿತ್ರ ಇರುತ್ತಾರೆ. ಡಿಸ್ಚಾರ್ಜ್ ದಿನ ಕೇಳಿದರೆ ತಡವಾಗಿರುತ್ತದೆ, ಏಕೆಂದರೆ ಹೆಚ್ಚಿನ ಚಿಕಿತ್ಸೆಗಳಿಗೆ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಆಯುಷ್ಮಾನ್ ಸಹಾಯವಾಣಿ 14555ಕ್ಕೂ ಕರೆ ಮಾಡಿ ವಿಚಾರಿಸಬಹುದು.

ಬಿಲ್ಲು, ರಸೀದಿ, ಪರೀಕ್ಷಾ ವರದಿ, ಡಿಸ್ಚಾರ್ಜ್ ಕಾಗದ ಯಾವುದನ್ನೂ ಎಸೆಯಬೇಡಿ. ಕೋವಿಡ್ ನಂತರ ಪರಿಹಾರಕ್ಕೆ ಅರ್ಜಿ ಹಾಕುವಾಗ ಸಾವಿಗೆ ಕಾರಣ ಕೋವಿಡ್ ಎಂದು ತೋರಿಸುವ ದಾಖಲೆಯೇ ಮುಖ್ಯವಾಗಿತ್ತು. ದುಃಖದ ಮನೆಯಲ್ಲಿ ಕಾಗದ ಹುಡುಕುವ ಪಾಡು ಯಾರಿಗೂ ಬೇಡ.

ಇನ್ನೊಂದು ಮಾತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಬಾಕಿ ಹಣ ಕಟ್ಟಿಲ್ಲವೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಇಂಥ ಸಂದರ್ಭ ಯಾರಿಗೂ ಬಾರದಿರಲಿ. ಬಂದರೆ ಈ ಮಾತು ನೆನಪಿರಲಿ.

ಕೇಳಲು ಸಂಕೋಚ ಬೇಡ

ನಮ್ಮ ಜನರಲ್ಲಿ ಒಂದು ಅಭಿಮಾನವಿದೆ. 'ಸರ್ಕಾರದ ಮುಂದೆ ಕೈಚಾಚುವುದೇ?' ಎಂದು ಹಿರಿಯರು ಹಿಂಜರಿಯುತ್ತಾರೆ. ದುಡಿದು ಉಣ್ಣಬೇಕೆಂಬ ಆ ಅಭಿಮಾನ ಒಳ್ಳೆಯದೇ. ಆದರೆ ಯೋಚಿಸಿ ನೋಡಿ: ನೀವು ಕೊಳ್ಳುವ ಸೋಪಿಗೆ, ಸೀಮೆಂಟಿಗೆ ತೆರಿಗೆ ಕಟ್ಟುತ್ತಲೇ ಬಂದಿದ್ದೀರಿ. ಆ ಹಣವೇ ನಿಮ್ಮ ಕಷ್ಟಕಾಲದಲ್ಲಿ ನಿಮ್ಮ ಬಳಿಗೆ ಮರಳುತ್ತದೆ. ಇದು ಭಿಕ್ಷೆಯಲ್ಲ. ಬಸವಾದಿ ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಹೇಳಿದರು. ಎಲ್ಲರ ದುಡಿಮೆಯಿಂದ ಕೂಡಿದ್ದನ್ನು ಅಗತ್ಯವಿರುವವರಿಗೆ ಹಂಚುವುದು ದಾಸೋಹ. ದಾಸೋಹದ ಪಂಕ್ತಿಯಲ್ಲಿ ಕುಳಿತವರು ಯಾರೂ ತಲೆ ತಗ್ಗಿಸಬೇಕಿಲ್ಲ.

ಹಾಗೆಯೇ ಅನುಕೂಲಸ್ಥರು ಸುಳ್ಳು ಕಾರ್ಡು ತೋರಿಸಿ ಬಡವರ ಪಾಲನ್ನು ತೆಗೆದುಕೊಳ್ಳಬಾರದು. ಪಂಕ್ತಿಯಲ್ಲಿ ಒಬ್ಬರು ಎರಡೆಲೆ ಹಾಕಿದರೆ ಕೊನೆಯಲ್ಲಿ ಕುಳಿತವರಿಗೆ ಅನ್ನ ಸಾಲದು.

ಮನೆಗೆ ಹೋಗುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿ

1. ನಮ್ಮ ರೇಷನ್ ಕಾರ್ಡಿನಲ್ಲಿ ಮನೆಯ ಎಲ್ಲರ ಹೆಸರೂ ಇದೆಯೇ?
2. ನಮ್ಮ ಊರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು? ರೆಫರಲ್ ಚೀಟಿಯನ್ನು ಅಲ್ಲಿ ಯಾರು ಬರೆದುಕೊಡುತ್ತಾರೆ?
3. ಮನೆಯಲ್ಲಿ ಯಾರಿಗಾದರೂ ಇ.ಎಸ್.ಐ. ಅಥವಾ ಯಶಸ್ವಿನಿ ಇದೆಯೇ?
4. ಈ ಆಸ್ಪತ್ರೆಯ ಕಾಗದಗಳನ್ನು ಎಲ್ಲಿ ಇಡುತ್ತೇವೆ?

ನಾಲ್ಕಕ್ಕೂ ಉತ್ತರ ಸಿಕ್ಕರೆ ಈ ಪಾಠ ಸಾರ್ಥಕ. ಓದಿದ ಮೇಲೆ ಈ ಪುಸ್ತಿಕೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಡಿ. ರೋಗಿಗಳೆಲ್ಲರೂ ಬೇಗ ಗುಣಮುಖರಾಗಿ ಮನೆ ಸೇರಲಿ.