ಹಾಜರಿ ಪುಸ್ತಕದಲ್ಲಿ ಇಲ್ಲದ್ದು

ವಯಸ್ಕರಿಗೆ ಅಕ್ಷರ ಕಲಿಸುವವರು ತಮ್ಮ ಕೇಂದ್ರದಲ್ಲಿ ಎದ್ದ ಪ್ರಶ್ನೆಯೊಂದನ್ನು ಹಿಡಿದು, ಕಂಡದ್ದನ್ನು ದಿನವೂ ಬರೆದಿಟ್ಟು, ಅದನ್ನು ಜೊತೆಯ ಬೋಧಕರ ಮುಂದಿಟ್ಟು ಚರ್ಚಿಸುವುದೂ ಸಂಶೋಧನೆಯೇ. ಅದಕ್ಕೆ ಪದವಿ ಬೇಡ. ಬೇಕಾದದ್ದು ಪುರುಸೊತ್ತು, ಒಂದು ವಹಿ ಮತ್ತು ಕೇಳುವ ಕಿವಿ.

2009ರ ಸೆಪ್ಟೆಂಬರ್ 8ರಂದು ಆರಂಭವಾದ ಸಾಕ್ಷರ ಭಾರತ ಯೋಜನೆ, 2001ರ ಜನಗಣತಿಯಲ್ಲಿ ಮಹಿಳಾ ಸಾಕ್ಷರತೆ ಶೇ. 50 ಅಥವಾ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳನ್ನು ಆರಿಸಿಕೊಂಡಿತು. ಗ್ರಾಮ ಪಂಚಾಯಿತಿಗೆ ಕಲಿಕಾ ಕೇಂದ್ರ ನೋಡಿಕೊಳ್ಳುವ ಇಬ್ಬರು ಪ್ರೇರಕರು, ತಿಂಗಳಿಗೆ 2,000 ರೂಪಾಯಿ ಗೌರವಧನ. ಮೇಲಿನಿಂದ ಅವರನ್ನು ಕೇಳುತ್ತಿದ್ದದ್ದು ಮುಖ್ಯವಾಗಿ ಸಂಖ್ಯೆ: ಎಷ್ಟು ಜನ ಬಂದರು, ಎಷ್ಟು ಜನ ಪರೀಕ್ಷೆ ಬರೆದರು. 2018ರ ಮಾರ್ಚ್‌ನಲ್ಲಿ ಯೋಜನೆ ಮುಗಿದಾಗ, ಪ್ರೇರಕರ ತಲೆಯಲ್ಲಿದ್ದ ತಿಳಿವಳಿಕೆಯ ಬಹುಪಾಲು ಅವರೊಂದಿಗೇ ಮನೆಗೆ ಹೋಯಿತು. ಇದು ದೊಡ್ಡ ನಷ್ಟ.

ಈ ಬರಹಕ್ಕೆ ಆಧಾರ ಬಾಗಲಕೋಟೆ ಜಿಲ್ಲೆಯ ತೇರದಾಳ ಭಾಗದ ಒಂದು ಮಹಿಳಾ ಕೇಂದ್ರದಲ್ಲಿ ಲೇಖಕಿ ಬೋಧಕಿಯಾಗಿ ಕಳೆದ ದಿನಗಳು. ರಬಕವಿ-ಬನಹಟ್ಟಿಯಂತೆ ಇಲ್ಲಿಯೂ ನೇಕಾರ ಮನೆಗಳಿವೆ. ಸುತ್ತ ಕಬ್ಬು, ಅರಿಶಿನದ ಹೊಲ. ಸಂಜೆಯ ತರಗತಿಗೆ ಬಾರದವರ ಹೆಸರಿನ ಮುಂದೆ ಮೊದಮೊದಲು ‘ಆಸಕ್ತಿ ಇಲ್ಲ’ ಎಂದೇ ಬರೆಯಲಾಗುತ್ತಿತ್ತು. ಎರಡು ತಿಂಗಳು ದಿನವಹಿ ಇಟ್ಟ ಮೇಲೆ ಬೇರೆಯದೇ ಕಂಡಿತು: ನೂಲು ಬಂದ ದಿನ ಹೆಣ್ಣುಮಕ್ಕಳು ಕಂಡಿಕೆ ಸುತ್ತಲು ಕೂರುತ್ತಿದ್ದರು, ಹೊಲದ ಕೆಲಸ ಜೋರಾದಾಗ ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ನೋಡುವ ಮೊದಲೇ ಕಾರಣ ಬರೆದಿಟ್ಟದ್ದು ಬೋಧಕಿಯ ತಪ್ಪು. ತರಗತಿಯ ಹೊತ್ತು ಬದಲಾದಾಗ ಬರುವವರು ಹೆಚ್ಚಿದರು. ಪಾಠದ ಮೊದಲ ಪುಟದಲ್ಲೇ ತಡವರಿಸುತ್ತಿದ್ದವರು ಸುತ್ತಿದ ಕಂಡಿಕೆಗಳ ಲೆಕ್ಕವನ್ನು ಗೋಡೆಯ ಮೇಲೆ ಗೀಟು ಹಾಕಿ ತಪ್ಪದೆ ಇಡುತ್ತಿದ್ದರು. ಮುಂದೆ ಅಂಕಿಯ ಪಾಠ ಆ ಗೀಟುಗಳಿಂದಲೇ ಶುರುವಾಯಿತು.

ಇಂಥ ನೋಟಕ್ಕೆ ಬೋಧಕರನ್ನು ಸಜ್ಜುಗೊಳಿಸಿದ ಪ್ರಯತ್ನ ಭಾರತದಲ್ಲಿ ನಡೆದಿದೆ. ಮಾನವಶಾಸ್ತ್ರಜ್ಞ ಬ್ರಯಾನ್ ಸ್ಟ್ರೀಟ್, ವಯಸ್ಕರ ಶಿಕ್ಷಣ ತಜ್ಞ ಅಲನ್ ರೋಜರ್ಸ್ ಅವರೊಡನೆ ದೆಹಲಿಯ ‘ನಿರಂತರ್’ ಸಂಸ್ಥೆ ನಡೆಸಿದ ತರಬೇತಿಗಳಲ್ಲಿ ಸಾಕ್ಷರತಾ ಕಾರ್ಯಕರ್ತರೇ ಊರಿಗೆ ಹೋಗಿ, ಜನ ದಿನನಿತ್ಯ ಓದು, ಬರಹ, ಲೆಕ್ಕವನ್ನು ಹೇಗೆ ಬಳಸುತ್ತಾರೆಂದು ದಾಖಲಿಸಿದರು. ಆ ಅನುಭವ 2007ರಲ್ಲಿ ಪುಸ್ತಕವಾಗಿಯೂ ಬಂತು.

ಬರೆಯುವುದೇ ದೊಡ್ಡ ಅಡ್ಡಿ. ‘ನಮಗ ಹಂಗ ಬರಿಯಾಕ ಬರಂಗಿಲ್ರಿ’ ಎಂಬ ಮಾತು ಬೋಧಕರ ಸಭೆಯಲ್ಲಿ ಮೊದಲು ಬರುತ್ತದೆ. ಅವರಾಡುವ ಕನ್ನಡದಲ್ಲೇ ಬರೆಯಲು ಬಿಟ್ಟರೆ, ಬಾಯಲ್ಲಿ ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡರೆ, ಆ ಅಳುಕು ಹೋಗುತ್ತದೆ. ಸೋತ ಪಾಠವನ್ನು ಹೇಳಿಕೊಂಡವರಿಗೆ ನೋಟಿಸು ಬರುವಂತಿದ್ದರೆ ಯಾರೂ ನಿಜ ಬರೆಯುವುದಿಲ್ಲ. ಹಾಗಾಗಿ ತಪಾಸಣೆಯ ಸಭೆಯೂ ಹಂಚಿಕೆಯ ಸಭೆಯೂ ಬೇರೆಬೇರೆ ಇರಬೇಕು. ಕಲಿಯುವವರ ಸಾಲ, ಮನೆಯ ಜಗಳ ವಹಿಗೆ ಬಂದರೂ ಅವರ ಒಪ್ಪಿಗೆಯಿಲ್ಲದೆ ಸಭೆಗೆ ಬರಬಾರದು. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಬೇಕು. ತಪ್ಪು ತಿದ್ದುವವರು ಅವರೇ.

2022ರಿಂದ ಜಾರಿಯಲ್ಲಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮ ಸ್ವಯಂಸೇವಕ ಬೋಧಕರನ್ನೇ ನೆಚ್ಚಿಕೊಂಡಿದೆ. ಅವರು ತಿಂಗಳಿಗೊಮ್ಮೆ ಒಂದೆಡೆ ಕೂಡಿ ವಹಿ ಓದಲು ಬಸ್ ಚಾರ್ಜನ್ನೂ ಆ ದಿನದ ಕೂಲಿಯನ್ನೂ ಕಾರ್ಯಕ್ರಮದ ಖರ್ಚಿನಲ್ಲೇ ಕೊಡಬೇಕು.