ಹೊಸ ಅಂಗಡಿ, ಹಳೆ ಅಂಗಡಿ: ಗೆಲುವಿಗೆ ಆರು ಸೂತ್ರ

ನಮ್ಮ ಮೋರಟಗಿಯಂಥ ಸಣ್ಣ ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿಯೋ ಹಿಟ್ಟಿನ ಗಿರಣಿಯೋ ಸಣ್ಣ ಬೇಳೆ ಮಿಲ್ಲೋ ಇಟ್ಟವರನ್ನು ಎರಡು ಅಂಜಿಕೆ ಕಾಡುತ್ತವೆ: ‘ನಾ ಹೊಸಬ, ಮಂದಿ ನಂಬತಾರೇನು? ನಾ ಸಣ್ಣವ, ಉಳೀತೀನೇನು?’ ವಯಸ್ಸಿಗೂ ಗಾತ್ರಕ್ಕೂ ಅವುಗಳದೇ ಬಲವಿದೆ, ಅವುಗಳದೇ ಅಪಾಯವಿದೆ. ಎರಡನ್ನೂ ಅರಿತು ನಡೆದವರು ಉಳಿಯುತ್ತಾರೆ.

1. ಮೊದಲ ಮೂರು ಸುಗ್ಗಿ ದಾಟಿಸಿ
ಹೊಸ ಸಂಸ್ಥೆಗಳೇ ಬೇಗ ಮುಚ್ಚುತ್ತವೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಆರ್ಥರ್ ಸ್ಟಿಂಚ್‌ಕೋಂಬ್ 1965ರಲ್ಲೇ ವಾದಿಸಿದ್ದರು. ಕೆಲಸ ಕೈಗೆ ಹತ್ತಿರುವುದಿಲ್ಲ, ಗಿರಾಕಿಯ ಗುರುತಿರುವುದಿಲ್ಲ. ಮೊದಲ ಲಾಭವನ್ನು ಮನೆಗೆ ಒಯ್ಯದೆ, ಮಳೆ ಕೈಕೊಡುವ ವರ್ಷಕ್ಕೆ ಎತ್ತಿಡಿ.

2. ಸಣ್ಣವರಿದ್ದಾಗ ಮನೆ ಬಾಗಿಲಿಗೆ ಹೋಗಿ
ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು 8,000 ರೂಪಾಯಿ ಬಂಡವಾಳದಿಂದ. ಮೂರೇ ವರ್ಷಕ್ಕೆ, 1928ರಲ್ಲಿ, ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾಲು ಮನೆಮನೆಗೆ ಹೋಗಿ ಎರಡಾಣೆಯನ್ನೂ ಕಟ್ಟಿಸಿಕೊಂಡರು. ದೊಡ್ಡವರು ಬಾಗಿ ಎತ್ತದ ಕಾಸು ಸಣ್ಣವರ ಆಸ್ತಿ.

3. ಹಳಬರಾದರೆ ಹೆಸರು ಉಳಿಸಿ, ಸರಕು ಬದಲಿಸಿ
ಕೇಂದ್ರ ಸರ್ಕಾರದ ಕಂಪನಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಶುರುಮಾಡಿತು. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರದ ಕಾಲ ಬಂದರೂ ಕೀಲಿ ಗಡಿಯಾರವನ್ನೇ ಬಹುಕಾಲ ನೆಚ್ಚಿತು. 1984ರಲ್ಲಿ ಹುಟ್ಟಿದ ಟೈಟನ್ ಮುಂದೆ ಹೋಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ‘ಅಪ್ಪನ ಕಾಲದಿಂದ ಹೀಗೇ’ ಎಂಬ ಮಾತು ನಿಮ್ಮ ಬಾಯಲ್ಲಿ ಬಂದರೆ ಎಚ್ಚರಾಗಿ.

4. ಉದ್ರಿಯನ್ನು ಬೆಳವಣಿಗೆ ಎನ್ನಬೇಡಿ
ಉದ್ರಿ ಪುಸ್ತಕ ದಪ್ಪವಾದಷ್ಟೂ ಗಲ್ಲಾಪೆಟ್ಟಿಗೆ ತೆಳ್ಳಗಾಗುತ್ತದೆ. ಒಬ್ಬ ಗಿರಾಕಿಗೆ ಇಷ್ಟೇ ಎಂದು ಮಿತಿ ಹಾಕಿ. ನೀವು ತಯಾರಕರಾಗಿದ್ದರೆ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ, ಅದು ಉಚಿತ. ನೋಂದಾಯಿತ ಕಿರು, ಸಣ್ಣ ಉದ್ಯಮಗಳ ಬಾಕಿಯನ್ನು ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕು ಎನ್ನುತ್ತದೆ ಇಂಥ ಉದ್ಯಮಗಳಿಗೆಂದೇ ಇರುವ 2006ರ ಕೇಂದ್ರ ಕಾಯ್ದೆ.

5. ಒಂದು ಗಟ್ಟಿಯಾದ ಮೇಲೆ ಇನ್ನೊಂದು
ವಿಜಯ ಸಂಕೇಶ್ವರ 1976ರಲ್ಲಿ ಗದಗದಲ್ಲಿ ಸಾಗಣೆ ಉದ್ಯಮ ಶುರುಮಾಡಿದ್ದು ಒಂದೇ ಲಾರಿಯಿಂದ. ಅದೇ ಇಂದಿನ ವಿಆರ್‌ಎಲ್. ಮೊದಲ ಯಂತ್ರ ದಿನವಿಡೀ ಓಡದಿದ್ದರೆ ಎರಡನೆಯದಕ್ಕೆ ಸಾಲ ಮಾಡಬೇಡಿ.

6. ಒಬ್ಬರಿಂದಾಗದ್ದನ್ನು ಕೂಡಿ ಮಾಡಿ
ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿ, ಸಣ್ಣ ರೈತರಿಗೆ ಒಗ್ಗಟ್ಟಿನ ಗಾತ್ರ ಕೊಟ್ಟರು. ನಮ್ಮ ನೆರೆಯ ಇಂಡಿ ಲಿಂಬೆಗೆ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇಡೀ ಸೀಮೆಯ ಗಳಿಕೆ. ಹತ್ತು ಗಿರಣಿಯವರು ಕೂಡಿ ತೊಗರಿ ಕೊಂಡರೆ ದರ ಮಾತಾಡುವ ಬಲ ಬರುತ್ತದೆ.

ದುಡಿಮೆ ಹುಡುಕಿ ನಮ್ಮ ಹುಡುಗರು ಪುಣೆ, ಮುಂಬಯಿ, ಗೋವಾದ ಬಸ್ಸು ಹತ್ತುತ್ತಾರೆ. ಊರಿನಲ್ಲಿ ಒಂದು ಅಂಗಡಿ ಹತ್ತು ವರ್ಷ ಬಾಳಿದರೆ, ಅವರಲ್ಲಿ ಇಬ್ಬರಾದರೂ ಊರಲ್ಲೇ ಉಳಿದಾರು. ಅದಕ್ಕಾಗಿಯಾದರೂ ನಿಮ್ಮ ಅಂಗಡಿ ಬಾಳಬೇಕು.